ರಾಷ್ಟ್ರೀಯ ಪೊಲೀಸ್ ಸ್ಮಾರಕ: ಹೋಗುವ ಮುಂಚೆ ಸರ್ವೀಸ್ ಬುಕ್ಕಿನ ಹೆಸರು ಕೇಳಿಟ್ಟುಕೊಳ್ಳಿ

ದೆಹಲಿಯಲ್ಲಿ ಟ್ಯಾಕ್ಸಿ ಹತ್ತಿ ಸುಮ್ನೆ ‘ಮೆಮೋರಿಯಲ್’ ಅಂದರೆ ಸೀದಾ ಇಂಡಿಯಾ ಗೇಟ್ ಹತ್ತಿರ ಇಳಿಸುತ್ತಾರೆ. ಅಲ್ಲಿರುವುದು ಯುದ್ಧ ಸ್ಮಾರಕ, ಸೈನಿಕರದ್ದು. ಪೊಲೀಸರದ್ದು ಬೇರೆ. ಅದು ಚಾಣಕ್ಯಪುರಿಯಲ್ಲಿದೆ, ರಾಯಭಾರ ಕಚೇರಿಗಳ ಸಾಲಿರುವ ಶಾಂತಿಪಥದ ಉತ್ತರದ ತುದಿಯಲ್ಲಿ. ನಮ್ಮ ಡ್ರೈವರ್‌ಗೂ ಗೊತ್ತಿರಲಿಲ್ಲ. ಇಂಡಿಯಾ ಗೇಟ್ ಬಳಿ ಇಳಿಸಿ, ಇದೇ ಅಂತ ವಾದ ಮಾಡಿದ. ಅಪ್ಪ ಕಾರಿನಿಂದ ಇಳಿಯಲೇ ಇಲ್ಲ. "ಇದು ಮಿಲಿಟರಿದು ಕಣಮ್ಮ, ನಮ್ದಲ್ಲ" ಅಂದರು. ಅರ್ಧ ಗಂಟೆ ಹಾಳಾಯಿತು.

ಅದಕ್ಕೂ ಮುಂಚೆ ಟೂರ್ ಏಜೆನ್ಸಿಯವರ ಜೊತೆ ಒಂದು ಸುತ್ತು ಜಗಳ ಆಗಿತ್ತು. ಯಾವ ಏಜೆನ್ಸಿ ಅಂತ ಹೇಳುವುದು ಬೇಡ. ಅವರ ಪಟ್ಟಿಯಲ್ಲಿ ಕೆಂಪು ಕೋಟೆ ಇತ್ತು, ಕುತುಬ್ ಮಿನಾರ್ ಇತ್ತು, ಸೀರೆ ಅಂಗಡಿಗೆ ಎರಡು ಗಂಟೆ ಇತ್ತು. ಪೊಲೀಸ್ ಸ್ಮಾರಕ ಸೇರಿಸಿ ಅಂದರೆ, "ಅಲ್ಲಿ ನೋಡೋಕೆ ಏನಿಲ್ಲ ಮೇಡಂ, ಒಂದು ಕಲ್ಲು ಅಷ್ಟೇ" ಅಂದರು. ಆ ಕಲ್ಲು ನೋಡುವುದಕ್ಕೇ ಅಪ್ಪ ಮೊದಲ ಸಲ ದೆಹಲಿಗೆ ಹೊರಟಿದ್ದು ಅಂತ ನಾನು ಹೇಳಲಿಲ್ಲ. ಒಂದು ದಿನ ಬಿಡುವು ಮಾಡಿಕೊಂಡು ನಾವೇ ಹೋದೆವು.

ಅಪ್ಪ ಪಿಸಿಯಾಗಿ, ಅಂದರೆ ಪೊಲೀಸ್ ಕಾನ್‌ಸ್ಟೇಬಲ್ ಆಗಿ ಸೇರಿ ಎಎಸ್‌ಐ (ಅಸಿಸ್ಟೆಂಟ್ ಸಬ್‌ಇನ್‌ಸ್ಪೆಕ್ಟರ್) ಆಗಿ ನಿವೃತ್ತರಾದವರು. ನಾನು ಬೆಳೆದಿದ್ದು ಪೊಲೀಸ್ ಕ್ವಾರ್ಟರ್ಸ್‌ನಲ್ಲಿ. ನಮ್ಮ ಪಕ್ಕದ ಮನೆಯಲ್ಲಿ ಅಪ್ಪನ ಬ್ಯಾಚ್‌ಮೇಟ್ ಇದ್ದರು. ಮಕ್ಕಳೆಲ್ಲ ಅವರನ್ನು ಮಾಮ ಅನ್ನುತ್ತಿದ್ದೆವು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ನಾಕಾಬಂದಿ ಡ್ಯೂಟಿಯಲ್ಲಿ ಮರಳು ಲಾರಿಗೆ ಕೈ ಅಡ್ಡ ಹಿಡಿದರು. ಲಾರಿ ನಿಲ್ಲಲಿಲ್ಲ. ಆ ರಾತ್ರಿ ಅಲ್ಲಿ ಇರಬೇಕಾಗಿದ್ದವರು ಅಪ್ಪ. ನನಗೆ ಜ್ವರ ಬಂದಿತ್ತು ಅಂತ ಡ್ಯೂಟಿ ಅದಲುಬದಲು ಮಾಡಿಕೊಂಡಿದ್ದರು. ಇದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಾಗಾಗಿ ನಾನು ಬರೆಯುತ್ತಿರುವುದು ಪ್ರವಾಸಿಯ ವಿಮರ್ಶೆ ಅಲ್ಲ. ಆದರೂ ಹೋಗುವವರಿಗೆ ಉಪಯೋಗ ಆಗಲಿ ಅಂತ ಎಲ್ಲ ಹೇಳುತ್ತೇನೆ.

ಸ್ಮಾರಕದಲ್ಲಿ ಮುಖ್ಯವಾಗಿ ಮೂರು ಭಾಗ. ನಡುವೆ ಒಂದು ದೊಡ್ಡ ಕಪ್ಪು ಕಲ್ಲು. ಹೆಸರು ಕೆತ್ತಿರುವ ಗೋಡೆ, ಅದಕ್ಕೆ ‘ವಾಲ್ ಆಫ್ ವ್ಯಾಲರ್’ ಅನ್ನುತ್ತಾರೆ. ಆಮೇಲೆ ನೆಲದ ಕೆಳಗಿರುವ ಮ್ಯೂಸಿಯಂ. ಪ್ರಧಾನಿ ನರೇಂದ್ರ ಮೋದಿ ಇದನ್ನು ಉದ್ಘಾಟಿಸಿದ್ದು 2018ರ ಅಕ್ಟೋಬರ್ 21ರಂದು. ಇದೇ ಜಾಗದಲ್ಲಿ ಅದಕ್ಕೂ ಮುಂಚೆ ಉಕ್ಕಿನ ಸ್ಮಾರಕವೊಂದು ಏಳುತ್ತಿತ್ತು. ಪರಿಸರದ ನಿಯಮ ಮೀರಿದೆ ಅಂತ 2008ರಲ್ಲಿ ಅದನ್ನು ಕೆಡವಿದರು. ಆಮೇಲೆ ಹತ್ತು ವರ್ಷ ಕಾಯಬೇಕಾಯಿತು.

ಕಲ್ಲಿನ ವಿಷಯಕ್ಕೆ ಬರೋಣ. 30 ಅಡಿ ಎತ್ತರ, 238 ಟನ್ ತೂಕ, ಒಂದೇ ಗ್ರಾನೈಟ್. ವಿನ್ಯಾಸ ಶಿಲ್ಪಿ ಅದ್ವೈತ ಗಡನಾಯಕ್ ಅವರದ್ದು. ಬುಡದಲ್ಲಿ 60 ಅಡಿ ಉದ್ದಕ್ಕೆ ನೀರು. ದೂರದಿಂದ ನೋಡಿದಾಗ ನಿಜ ಹೇಳಬೇಕೆಂದರೆ ನನಗೆ ‘ಇಷ್ಟೇನಾ’ ಅನ್ನಿಸಿತು. ಒಂದು ಮುಖ ಇಲ್ಲ, ಬಂದೂಕು ಇಲ್ಲ, ಟೋಪಿ ಇಲ್ಲ. ಏಜೆನ್ಸಿಯವನ ಮಾತು ನೆನಪಾಯಿತು. ಅಪ್ಪನಿಗೆ ಹೇಳಿದೆ, ಒಂದು ಪ್ರತಿಮೆಯಾದರೂ ಇಡಬಹುದಿತ್ತು ಅಲ್ವಾ ಅಂತ.

"ಯಾರ ಮುಖ ಇಡ್ತೀಯ?" ಅಂದರು ಅಪ್ಪ. "ಪಿಸಿದೋ, ಎಸ್‌ಪಿದೋ? ಪಿಸಿ ಮುಖ ಇಟ್ರೆ ಮೇಲಿನವರು ಒಪ್ಪಲ್ಲ. ಎಸ್‌ಪಿ ಮುಖ ಇಟ್ರೆ ನಾವು ಒಪ್ಪಲ್ಲ. ಕಲ್ಲೇ ಸರಿ."

ಆಮೇಲೆ ಹತ್ತಿರ ಹೋಗಿ ನಿಂತಾಗ ಕಲ್ಲು ನನಗೂ ಹಿಡಿಸಿತು. ಪಕ್ಕದಲ್ಲಿ ನಿಂತವರೆಲ್ಲ ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ಸೆಲ್ಫಿ ತೆಗೆಯುತ್ತಿದ್ದ ಹುಡುಗರೂ ಎರಡು ತೆಗೆದು ಫೋನ್ ಜೇಬಿಗೆ ಹಾಕಿಕೊಂಡರು. ಒಂದು ಎಚ್ಚರಿಕೆ: ಮಧ್ಯಾಹ್ನ ಹೋಗಬೇಡಿ. ಬಯಲು ಜಾಗ, ಸುತ್ತ ಕಲ್ಲು, ದೆಹಲಿಯ ಬಿಸಿಲು. ವಯಸ್ಸಾದವರಿಗೆ ಕಷ್ಟ.

ಅಕ್ಟೋಬರ್ 21 ಯಾಕೆ ಅಂತ ನನ್ನ ಮಗ ಕೇಳಿದ. ಹನ್ನೊಂದು ವರ್ಷದವನು, ಪೊಲೀಸ್ ದಿನ ಅಂದರೆ ಯಾರದೋ ಜನ್ಮದಿನ ಇರಬೇಕು ಅಂದುಕೊಂಡಿದ್ದ. ಅಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತು ಕಥೆ ಹೇಳಿದರು. ಮೂವತ್ತಕ್ಕೂ ಜಾಸ್ತಿ ವರ್ಷ ಪರೇಡ್ ಮೈದಾನದಲ್ಲಿ ನಿಂತು ಕೇಳಿದ ಕಥೆ, ಬಾಯಿಪಾಠ.

1959. ಲಡಾಖ್‌ನ ಹಾಟ್ ಸ್ಪ್ರಿಂಗ್ಸ್, ಸುಮಾರು 16 ಸಾವಿರ ಅಡಿ ಎತ್ತರ. ಆಗ ಚೀನಾ ಗಡಿಯ ಆ ಭಾಗ ಕಾಯುತ್ತಿದ್ದವರು ಪೊಲೀಸರು. ಅಕ್ಟೋಬರ್ 20ರಂದು ಮೂರು ತಂಡ ದಾರಿ ನೋಡಿಕೊಂಡು ಬರಲು ಹೋದವು. ಎರಡು ವಾಪಸ್ ಬಂದವು. ಒಂದು ಬರಲಿಲ್ಲ. ಅದರಲ್ಲಿ ಇದ್ದವರು ಇಬ್ಬರು ಕಾನ್‌ಸ್ಟೇಬಲ್‌ಗಳು, ಒಬ್ಬ ಹಮಾಲಿ. ಮಾರನೇ ದಿನ ಕರಂ ಸಿಂಗ್ ಅನ್ನುವ ಅಧಿಕಾರಿ ಸುಮಾರು ಇಪ್ಪತ್ತು ಜನರನ್ನು ಕರೆದುಕೊಂಡು ಹುಡುಕಲು ಹೊರಟರು. ಗುಡ್ಡದ ಮೇಲಿನಿಂದ ಚೀನೀ ಸೈನಿಕರು ಗುಂಡು ಹಾರಿಸಿದರು, ಗ್ರೆನೇಡ್ ಎಸೆದರು. ಹತ್ತು ಜನ ಸತ್ತರು. ದೇಹಗಳು ವಾಪಸ್ ಸಿಕ್ಕಿದ್ದು ನವೆಂಬರ್ 13ಕ್ಕೆ. ಅಲ್ಲೇ, ಆ ಚಳಿಯಲ್ಲೇ ಅಂತ್ಯಸಂಸ್ಕಾರ ಮಾಡಿದರು. ಮುಂದಿನ ಜನವರಿಯಲ್ಲಿ ಎಲ್ಲ ರಾಜ್ಯದ ಪೊಲೀಸ್ ಮುಖ್ಯಸ್ಥರು ಸೇರಿದಾಗ ಈ ದಿನವನ್ನು ಪ್ರತಿ ವರ್ಷ ಆಚರಿಸಬೇಕು ಅಂತ ತೀರ್ಮಾನವಾಯಿತು.

"ಅವರು ಯುದ್ಧಕ್ಕೆ ಹೋಗಿದ್ರಾ ತಾತ?" ಅಂತ ಮಗ ಕೇಳಿದ.

"ಇಲ್ಲಪ್ಪ. ಕಳೆದುಹೋದವರನ್ನ ಹುಡುಕೋಕೆ ಹೋಗಿದ್ರು" ಅಂದರು ಅಪ್ಪ. ಮಗ ಸುಮ್ಮನಾದ.

ಮ್ಯೂಸಿಯಂ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನೆಲದ ಕೆಳಗೆ ಇಳಿಯಬೇಕು. ಐದು ಗ್ಯಾಲರಿ. ಕೌಟಿಲ್ಯನ ಕಾಲದಿಂದ ಶುರುವಾಗಿ ಇವತ್ತಿನವರೆಗೆ ಬರುತ್ತದೆ. ಸಮವಸ್ತ್ರ, ಆಯುಧ, ನಾಯಿ ದಳ, ಒಂಟೆ ದಳ, ಬ್ಯಾಂಡ್, ಪಾರಿವಾಳದಲ್ಲಿ ಸಂದೇಶ ಕಳಿಸುತ್ತಿದ್ದ ಒಡಿಶಾ ಪೊಲೀಸರು, ಎಲ್ಲ ಇದೆ. ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ. ನನ್ನ ಮಗನನ್ನು ಪಾರಿವಾಳದ ಮುಂದಿನಿಂದ ಎಳೆದುಕೊಂಡು ಬರಬೇಕಾಯಿತು. ತಂಪಾಗಿಯೂ ಇರುತ್ತದೆ. ಬಿಸಿಲು ಜೋರಿದ್ದರೆ ಮೊದಲು ಇಲ್ಲಿಗೆ ಬಂದು ಆಮೇಲೆ ಮೇಲೆ ಹೋಗಿ.

ಅಪ್ಪ ಮಾತ್ರ ಸಮವಸ್ತ್ರಗಳ ಹತ್ತಿರ ಜಾಸ್ತಿ ಹೊತ್ತು ನಿಂತರು. ನಮ್ಮ ಕಡೆ ಪಿಸಿಗಳಿಗೆ ಸ್ಲೌಚ್ ಹ್ಯಾಟ್ ಇತ್ತು, ಗೊತ್ತಲ್ಲ, ಒಂದು ಕಡೆ ಮಡಚಿದ ಅಗಲದ ಟೋಪಿ. 2025ರಲ್ಲಿ ಅದನ್ನು ತೆಗೆದು ನೀಲಿ ಪೀಕ್ ಕ್ಯಾಪ್ ಕೊಟ್ಟರು. ಅಪ್ಪನಿಗೆ ಅದು ಸಂತೋಷದ ವಿಷಯವೇ. ಆ ಟೋಪಿ ಮಳೆಗೆ ಒದ್ದೆಯಾದರೆ ಹೆಂಚಿನ ಹಾಗೆ ಭಾರ, ಬಂದೋಬಸ್ತ್‌ನಲ್ಲಿ ಓಡಬೇಕಾದರೆ ಮೊದಲು ಬೀಳುವುದೇ ಅದು ಅನ್ನುತ್ತಾರೆ. ಮಾಮ ಸತ್ತ ಜಾಗದಲ್ಲಿ ಬೆಳಗ್ಗೆ ಅಪ್ಪನಿಗೆ ಮೊದಲು ಕಂಡಿದ್ದೂ ಆ ಟೋಪಿಯೇ. ರಸ್ತೆಯಿಂದ ಆಚೆ, ಬೇಲಿಯ ಮೇಲೆ ಕೂತಿತ್ತಂತೆ, ಯಾರೋ ಒಣಗಲು ಇಟ್ಟ ಹಾಗೆ. ಈ ವಿವರ ನಾನು ಕೇಳಿದ್ದು ಅವತ್ತೇ ಮೊದಲು.

ಈಗ ಗೋಡೆ.

ಉದ್ಘಾಟನೆಯ ಹೊತ್ತಿಗೆ ಇದರಲ್ಲಿ 34,844 ಹೆಸರು. ಸ್ವಾತಂತ್ರ್ಯ ಬಂದಾಗಿನಿಂದ ಡ್ಯೂಟಿಯಲ್ಲಿ ಸತ್ತ ಪೊಲೀಸರು, ರಾಜ್ಯದವರು, ಕೇಂದ್ರ ಪಡೆಗಳವರು ಎಲ್ಲ ಸೇರಿ. ಈಗ ಲೆಕ್ಕ 36 ಸಾವಿರ ದಾಟಿದೆ. ಪ್ರತಿ ವರ್ಷ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ ಸತ್ತವರ ಪಟ್ಟಿ ಮಾಡುತ್ತಾರೆ. ಅಕ್ಟೋಬರ್ 21ರ ಪರೇಡ್‌ನಲ್ಲಿ ಓದುವುದು ಆ ಹೆಸರುಗಳನ್ನೇ. ಕ್ವಾರ್ಟರ್ಸ್ ಮಕ್ಕಳಾದ ನಮಗೆ ಆ ಓದು ಗೊತ್ತು. ಮೈಕಿನಲ್ಲಿ ಒಂದೊಂದೇ ಹೆಸರು, ದರ್ಜೆ. ಬೇರೆ ರಾಜ್ಯದ ಹೆಸರು ಬಂದಾಗ ಓದುವವರು ತಡವರಿಸುತ್ತಾರೆ. ಬಿಸಿಲಲ್ಲಿ ಒಬ್ಬಿಬ್ಬರು ತಲೆ ಸುತ್ತಿ ಬೀಳುತ್ತಾರೆ. ಆಮೇಲೆ ‘ಶೋಕ ಶಸ್ತ್ರ’ ಕಮಾಂಡ್. ಬಂದೂಕು ತಲೆಕೆಳಗಾಗಿ, ನಳಿಗೆಯ ತುದಿ ಎಡಗಾಲಿನ ಬೂಟಿನ ಮೇಲೆ, ಎರಡೂ ಕೈ ಹಿಡಿಕೆಯ ಮೇಲೆ, ತಲೆ ಕೆಳಗೆ.

ಅಷ್ಟು ಸಾವಿರ ಹೆಸರು ಎದುರಿಗೆ ಕಂಡಾಗ ನನಗೆ ಏನೂ ಅನ್ನಿಸಲಿಲ್ಲ. ನಾಚಿಕೆಯಾದರೂ ಬರೆಯುತ್ತೇನೆ. ಸಾಲು ಸಾಲು ಅಕ್ಷರ, ಕಣ್ಣು ಜಾರಿಕೊಂಡು ಹೋಗುತ್ತದೆ. ನಮಗೆ ಬೇಕಿದ್ದದ್ದು ಒಂದೇ ಹೆಸರು. ಹೊರಡುವಾಗ ಅತ್ತೆ, ಅಂದರೆ ಮಾಮನ ಹೆಂಡತಿ, ಹೇಳಿದ್ದು ಒಂದೇ ಮಾತು: "ಫೋಟೋ ತಕ್ಕೊಂಡು ಬಾ."

ಹುಡುಕಿದೆವು. ಅರ್ಧ ಗಂಟೆ ಹುಡುಕಿದೆವು. ಅಪ್ಪ ಬೆರಳು ಇಟ್ಟುಕೊಂಡು ಓದುತ್ತಾ ಹೋದರು, ಸ್ಟೇಷನ್ ಡೈರಿ ಓದುವ ಹಾಗೆ. ಸಿಗಲಿಲ್ಲ. ಡ್ಯೂಟಿಯಲ್ಲಿದ್ದ ಜವಾನನೊಬ್ಬ ನಮ್ಮನ್ನು ನೋಡಿ ಬಂದ. ಯಾವ ರಾಜ್ಯ, ಯಾವ ವರ್ಷ, ಹೆಸರೇನು ಅಂತ ಹಿಂದಿಯಲ್ಲಿ ಕೇಳಿದ. ಅಪ್ಪ ರಾಜ್ಯ ಹೇಳಿದರು, ವರ್ಷ ಹೇಳಿದರು. ಹೆಸರು ಅಂದಾಗ ಅವರ ಬಾಯಿಂದ ಬಂದಿದ್ದು, "ತ್ರೀ ಸೆವೆಂಟೀನ್."

ಪೊಲೀಸ್ ಮನೆಯವರಿಗೆ ಇದು ಅರ್ಥವಾಗುತ್ತದೆ. ಸ್ಟೇಷನ್‌ನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಪಿಸಿ ಅಂದರೆ ನಂಬರ್. ರೋಲ್‌ಕಾಲ್‌ನಲ್ಲಿ ನಂಬರ್, ವೈರ್‌ಲೆಸ್‌ನಲ್ಲಿ ನಂಬರ್, ಬೈಯುವಾಗಲೂ ನಂಬರ್. ಅಪ್ಪ ಹದಿನಾಲ್ಕು ವರ್ಷ ಜೊತೆಗಿದ್ದ ಗೆಳೆಯನನ್ನು ಕರೆದಿದ್ದು 317 ಅಂತ. ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು, ಅದು ಅಜ್ಜಿ ಇಟ್ಟಿದ್ದು. ನಾವು ಹುಡುಕುತ್ತಿದ್ದದ್ದು ಆ ಮನೆಯ ಹೆಸರನ್ನು.

ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ. ಅನುಕಂಪದ ಆಧಾರದಲ್ಲಿ ಅವರಿಗೆ ಎಸ್‌ಪಿ ಆಫೀಸ್‌ನಲ್ಲಿ ಎಸ್‌ಡಿಎ, ಅಂದರೆ ಗುಮಾಸ್ತೆಯ ಕೆಲಸ ಸಿಕ್ಕಿತ್ತು, ಇನ್ನೂ ಎರಡು ವರ್ಷ ಸರ್ವೀಸ್ ಇದೆ. ದಿನವಿಡೀ ಬೇರೆಯವರ ಸರ್ವೀಸ್ ಬುಕ್ ನೋಡುವವರು. "ಅಯ್ಯೋ, ಆ ಹೆಸರು ಹುಡುಕಿದ್ರೆ ಎಲ್ಲಿ ಸಿಗತ್ತೆ?" ಅಂತ ನಕ್ಕೇಬಿಟ್ಟರು. "ಬರ್ಕೋ" ಅಂತ ಇನಿಷಿಯಲ್, ಹೆಸರು, ಕೊನೆಗೆ ಬರುವ ಮನೆತನದ ಹೆಸರು, ಒಂದೊಂದು ಅಕ್ಷರ ಬಿಡಿಸಿ ಹೇಳಿದರು. ಪಿಂಚಣಿ ಕಾಗದಗಳಿಗೆ ಎಷ್ಟು ಸಲ ಬರೆದುಕೊಟ್ಟಿದ್ದರೋ ಏನೋ, ಎಲ್ಲೂ ತಡೆಯಲಿಲ್ಲ.

ಐದು ನಿಮಿಷದಲ್ಲಿ ಹೆಸರು ಸಿಕ್ಕಿತು. ಅಪ್ಪನ ಮೊಣಕಾಲಿನ ಎತ್ತರಕ್ಕಿತ್ತು. ನೋಡಬೇಕಾದರೆ ಅವರು ಬಗ್ಗಬೇಕು. ಮಂಡಿ ನೋವಿನವರು, ಬಗ್ಗುವುದು ಆಗುವುದಿಲ್ಲ. ನಾನು ಒಂದು ಕೈ, ಮಗ ಒಂದು ಕೈ ಹಿಡಿದುಕೊಂಡು ಕೂರಿಸಿದೆವು. ಹೆಬ್ಬೆರಳಿನಿಂದ ಆ ಸಾಲಿನ ಧೂಳು ಒರೆಸಿದರು. ಧೂಳು ಏನೂ ಇರಲಿಲ್ಲ. ಜವಾನ ಅಟೆನ್ಷನ್‌ನಲ್ಲಿ ನಿಂತ. ಅಪ್ಪ ಅವನಿಗೆ, ಇವನು ನಮ್ಮವನು ಅಂತ ಹೇಳಲು ಹೋದರು. ಅವರ ಹಿಂದಿ ಪರೇಡ್ ಕಮಾಂಡ್‌ಗಳಷ್ಟೇ. ಸಾವಧಾನ್, ವಿಶ್ರಾಮ್ ಬಿಟ್ಟರೆ ಬೇರೆ ಪದ ಇಲ್ಲ. ಕೊನೆಗೆ ಎದೆಗೆ ಕೈ ಇಟ್ಟು ಗೋಡೆ ತೋರಿಸಿದರು. ಜವಾನ, "ಹಾಂ ಸರ್, ಹಾಂ ಸರ್" ಅಂದ.

ಇಲ್ಲಿ ಒಂದು ಹೋಲಿಕೆ ಹೇಳಲೇಬೇಕು. ಮಾಮನ ಫೋಟೋ ಅವರು ಕೆಲಸ ಮಾಡಿದ ಸ್ಟೇಷನ್‌ನಲ್ಲೂ ಇತ್ತು. ಯಾವ ಸ್ಟೇಷನ್ ಅಂತ ಹೇಳಲ್ಲ. ಮೊದಲ ಎರಡು ವರ್ಷ ಹೂವಿನ ಹಾರ, ಆಮೇಲೆ ಪ್ಲಾಸ್ಟಿಕ್ ಹಾರ. ಮೂರು ವರ್ಷದ ಹಿಂದೆ ಅಪ್ಪ ಏನೋ ಕೆಲಸಕ್ಕೆ ಹೋದಾಗ ಫೋಟೋ ಗೋಡೆಯ ಮೇಲೆ ಇರಲಿಲ್ಲ. ಕೇಳಿದರೆ, ಸುಣ್ಣಬಣ್ಣ ಮಾಡಿಸುವಾಗ ಇಳಿಸಿದ್ದೆವು ಅಂದರಂತೆ. ಬೀರುವಿನ ಹಿಂದೆ, ಜಪ್ತಿ ಮಾಡಿದ ಸೈಕಲ್‌ಗಳ ಪಕ್ಕ ಸಿಕ್ಕಿತು. ಯಾರ ತಪ್ಪೂ ಅಲ್ಲ ಅನ್ನುತ್ತಾರೆ ಅಪ್ಪ. ವರ್ಗಾವಣೆ ಆಗುತ್ತಲೇ ಇರುತ್ತದೆ, ಅಲ್ಲಿ ಈಗ ಇರುವವರು ಯಾರೂ ಅವರನ್ನು ನೋಡಿಲ್ಲ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಕಲ್ಲಿನಲ್ಲಿ ಕೆತ್ತಿದ್ದನ್ನು ಸುಣ್ಣಬಣ್ಣಕ್ಕೆ ಅಂತ ಯಾರೂ ಇಳಿಸಲ್ಲ, ಈ ಜಾಗ ನನಗೆ ಇಷ್ಟವಾಗಿದ್ದು ಅದಕ್ಕೇ.

ಆಮೇಲೆ ಅಪ್ಪ ಇನ್ನೊಂದು ಪಟ್ಟಿ ತೆಗೆದರು. ಕಾಗದದಲ್ಲಲ್ಲ, ತಲೆಯಲ್ಲಿ. 1992ರ ಆಗಸ್ಟ್ 14, ಮಲೆ ಮಹದೇಶ್ವರ ಬೆಟ್ಟದ ಕಡೆ ಮೀಣ್ಯಂ ಹತ್ತಿರ ವೀರಪ್ಪನ್ ಗುಂಪು ಹೊಂಚು ಹಾಕಿ ಕೊಂದ ಆರು ಜನ. ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಹೆಸರು ಎಲ್ಲರಿಗೂ ಗೊತ್ತು. "ಉಳಿದ ನಾಲ್ಕು ಹೆಸರು ಹೇಳು ನೋಡೋಣ" ಅಂತ ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಪ್ಪ ಹೇಳಿದರು, ರೋಲ್‌ಕಾಲ್ ಕರೆಯುವ ದನಿಯಲ್ಲಿ. ಬೆನಗೊಂಡ. ಕಾಳಪ್ಪ. ಸುಂದರ. ಅಪ್ಪಚ್ಚು.

ಮಗನಿಗೆ ಗೊತ್ತಿದ್ದ ಒಂದೇ ಹೆಸರು ತುಕಾರಾಂ ಓಂಬ್ಳೆ. 26/11ರ ರಾತ್ರಿ ಗಿರ್‌ಗಾಂವ್ ಚೌಪಾಟಿಯಲ್ಲಿ ಕೈಯಲ್ಲಿ ಬರೀ ಲಾಠಿ ಇಟ್ಟುಕೊಂಡು ಕಸಬ್‌ನ ಬಂದೂಕಿನ ನಳಿಗೆ ಹಿಡಿದವರು. ಅವರ ಹೆಸರಿನಲ್ಲಿ ಒಂದು ಜೇಡ ಇದೆ, ಐಸಿಯಸ್ ತುಕಾರಾಮಿ ಅಂತ, ಅದಕ್ಕೇ ಅವನಿಗೆ ಗೊತ್ತು. "ಅವರೂ ಎಎಸ್‌ಐ, ತಾತನ ಹಾಗೆ" ಅಂದ. ಅಪ್ಪನಿಗೆ ಎಷ್ಟು ಖುಷಿಯಾಯಿತು ಅಂದರೆ ಹೋಟೆಲಿಗೆ ವಾಪಸ್ ಬರುವವರೆಗೂ ಅದನ್ನೇ ಮೂರು ಸಲ ಹೇಳಿದರು.

ಶನಿವಾರ, ಭಾನುವಾರ ಸಂಜೆ ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮುಂಚೆ ರಿಟ್ರೀಟ್ ಶುರುವಾಗುತ್ತದೆ. ಕೇಂದ್ರ ಪಡೆಗಳ ಬ್ಯಾಂಡ್, ಪರೇಡ್. ನಾವು ಹೋಗಿದ್ದು ಶನಿವಾರ, ಹಾಗಾಗಿ ಸಿಕ್ಕಿತು. ಚೆನ್ನಾಗಿತ್ತು. ಅಪ್ಪ ನೋಡಿದ್ದು ಬ್ಯಾಂಡ್ ಅಲ್ಲ, ಬರೀ ಬೂಟುಗಳನ್ನು. "ಹಿಮ್ಮಡಿ ನೋಡು, ಒಂದೇ ಸದ್ದು" ಅನ್ನುತ್ತಿದ್ದರು. ಸೋಮವಾರ ಸ್ಮಾರಕಕ್ಕೆ ರಜೆ, ಅದನ್ನು ಮರೆಯಬೇಡಿ.

ಎಷ್ಟು ಸ್ಟಾರ್ ಕೊಡೋಣ ಅಂತ ಅಪ್ಪನನ್ನೇ ಕೇಳಿದೆ. "ನಂಗೆ ಇಲಾಖೆ ಕೊಟ್ಟಿದ್ದೇ ಒಂದು ಸ್ಟಾರು, ಅದೂ ಇಪ್ಪತ್ತೇಳು ವರ್ಷ ಆದಮೇಲೆ" ಅಂದರು. "ಇನ್‌ಸ್ಪೆಕ್ಟರ್‌ಗೇ ಮೂರು. ಐದು ಅಂದ್ರೆ ಜಾಸ್ತಿ ಆಯ್ತು, ನಾಲ್ಕು ಕೊಡು." ಸರಿ, ಅಪ್ಪನದ್ದು ನಾಲ್ಕು. ನನ್ನದು ಐದು.

ಹೋಗುವವರಿಗೆ ಮತ್ತೆ ಹೇಳುತ್ತೇನೆ. ನಿಮ್ಮವರ ಹೆಸರು ನೋಡಲು ಹೋಗುತ್ತಿದ್ದರೆ ಸರ್ವೀಸ್ ಬುಕ್ಕಿನಲ್ಲಿ ಇರುವ ಹಾಗೆಯೇ ಇನಿಷಿಯಲ್ ಸಮೇತ ಬರೆದುಕೊಂಡು ಹೋಗಿ. ವರ್ಷವನ್ನೂ ಬರೆದುಕೊಳ್ಳಿ. ವಯಸ್ಸಾದವರು ಜೊತೆಗಿದ್ದರೆ ಎತ್ತಿ ಕೂರಿಸಲು ಒಬ್ಬರಾದರೂ ಇರಲಿ.

ಅವತ್ತು ರಾತ್ರಿ ಅತ್ತೆಗೆ ಫೋಟೋ ಕಳಿಸಿದೆ. ಮಾಮನ ಹೆಸರು ದೊಡ್ಡದಾಗಿ ಕಾಣಲಿ ಅಂತ ಸುತ್ತಲಿನದ್ದೆಲ್ಲ ಕತ್ತರಿಸಿ ಒಂದೇ ಸಾಲು ಉಳಿಸಿದ್ದೆ. ನೀಲಿ ಟಿಕ್ ಬಂತು. ಹತ್ತು ನಿಮಿಷ ಉತ್ತರ ಇಲ್ಲ. ಆಮೇಲೆ ಅವರೇ ಫೋನ್ ಮಾಡಿದರು. ಅಳುತ್ತಾರೇನೋ ಅಂದುಕೊಂಡೆ.

"ಮೇಲೆ ಯಾರ ಹೆಸರಿದೆ? ಕೆಳಗೆ ಯಾರದ್ದು?" ಅಂದರು. "ಅಕ್ಕಪಕ್ಕದವರು ಕಾಣೋ ಹಾಗೆ ಇನ್ನೊಂದು ಕಳ್ಸು. ಕತ್ತರಿಸಬೇಡ."